ಅಪ್ಪನ ಸೈಕಲಿಗೊಂದು ಲೈಟು

ನಮ್ಮ ಮನೆಯಲ್ಲಿ ಸೈಕಲು ಹೊರಗೆ ನಿಲ್ಲುತ್ತಿರಲಿಲ್ಲ. ಅಪ್ಪ, ಅಮ್ಮ, ನಾನು ಮಲಗುವ ಕೋಣೆಯಲ್ಲೇ, ಬಾಗಿಲ ಬಲಗಡೆಯ ಗೋಡೆಗೆ ಒರಗಿ ಅದೂ ಮಲಗುತ್ತಿತ್ತು. ಕಡಬದಿಂದ ನೆಟ್ಟಣದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಬಾಡಿಗೆಗೆ ಸಿಕ್ಕಿದ್ದ ಆ ಮನೆ ಮೊದಲು ಮನೆಯೇ ಆಗಿರಲಿಲ್ಲ. ರಬ್ಬರ್ ಶೀಟು ಒಣಗಿಸಲು ಕಟ್ಟಿದ ಹೊಗೆಗೂಡು. ಯಜಮಾನರು ಬೇರೆ ಕಡೆ ದೊಡ್ಡದು ಕಟ್ಟಿಸಿಕೊಂಡ ಮೇಲೆ ಇದರ ನಡುವೆ ಒಂದು ಗೋಡೆ ಎಬ್ಬಿಸಿ, ಹಿಂದೆ ಅಡಿಗೆಮನೆ ಇಳಿಸಿ ನಮಗೆ ಕೊಟ್ಟರು. ಹೊಗೆ ಹೊರಗೆ ಹೋಗಬಾರದೆಂದು ಕಟ್ಟಿದ ಕಟ್ಟಡ, ಕಿಟಕಿಯ ವಿಷಯದಲ್ಲಿ ಜಿಪುಣತನ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಮಾಡಿನ ಅಡ್ಡಮರಗಳು ಕರ್ರಗೆ ಹೊಳೆಯುತ್ತಿದ್ದವು. ಎಷ್ಟು ಸುಣ್ಣ ಬಳಿದರೂ ಗೋಡೆಯಿಂದ ಆ ಹುಳಿಹುಳಿ ಹೊಗೆಯ ವಾಸನೆ ಹೋಗಲಿಲ್ಲ. ಶಾಲೆಯಲ್ಲಿ ನನ್ನ ಲಂಗ ಮೂಸಿ ಮಕ್ಕಳು ನಗುತ್ತಿದ್ದರು. ಈಗ ರಬ್ಬರ್ ಶೀಟು ಹೇರಿದ ಜೀಪು ಪಕ್ಕದಲ್ಲಿ ಹಾದುಹೋದರೆ ನಾನು ನಿಂತು ಆ ಗಾಳಿಯನ್ನು ಮೂಗಿನ ತುಂಬ ಎಳೆದುಕೊಳ್ಳುತ್ತೇನೆ. ನೋಡಿದವರು ಏನೆಂದುಕೊಳ್ಳುತ್ತಾರೋ ಗೊತ್ತಿಲ್ಲ.

ಆ ಮನೆಗೆ ಇದ್ದದ್ದು ಒಂದೇ ಕಾನೂನು: ಇದ್ದ ವಸ್ತು ಇದ್ದಲ್ಲೇ ಇರಬೇಕು. ನೀರಿನ ಕೊಡಪಾನ ಅಡಿಗೆಮನೆಯ ಬಾಗಿಲಿನಿಂದ ಎರಡು ಹೆಜ್ಜೆ. ಮಣೆಗಳು ಒಲೆಯ ಎಡಕ್ಕೆ. ಅಪ್ಪನ ಚಪ್ಪಲಿ ಹೊಸ್ತಿಲ ಹೊರಗೆ, ತುದಿ ರಸ್ತೆಯ ಕಡೆಗೆ. ಒಮ್ಮೆ ನಾನು ಬೆಳಕು ಸಾಲದೆಂದು ಸ್ಟೂಲನ್ನು ಬಾಗಿಲ ಹತ್ತಿರ ಎಳೆದು, ಅದರ ಮೇಲೆ ಪುಸ್ತಕ ಇಟ್ಟುಕೊಂಡು ಓದಿ, ಹಾಗೆಯೇ ಬಿಟ್ಟು ಎದ್ದುಹೋಗಿದ್ದೆ. ಮುಸ್ಸಂಜೆಗೆ ಕೈಕಾಲು ತೊಳೆದು ಒಳಗೆ ಬಂದ ಅಪ್ಪ ಅದಕ್ಕೆ ಎಡವಿ ಮುಗ್ಗರಿಸಿದರು. ನನಗೆ ಒಂದೇಟೂ ಹೊಡೆಯದ ಮನುಷ್ಯ ಅಂದು ಆ ಸ್ಟೂಲನ್ನು ಎತ್ತಿ ಅಂಗಳಕ್ಕೆ ಎಸೆದರು. ಅಮ್ಮ ಅವರನ್ನೂ ಕೇಳಲಿಲ್ಲ, ನನ್ನನ್ನೂ ಗದರಲಿಲ್ಲ. ಅಂಗಳಕ್ಕೆ ಇಳಿದು ಸ್ಟೂಲು ತಂದು, ಮೊದಲಿದ್ದ ಜಾಗದಲ್ಲಿ, ನೆಲದ ಮೇಲಿನ ಕಾಲಿನ ಗುರುತಿಗೆ ಸರಿಯಾಗಿ ಇಟ್ಟಳು. ಅಪ್ಪ ಬಹಳ ಶಿಸ್ತಿನವರು ಎಂದು ನಾನು ಗೆಳತಿಯರ ಹತ್ತಿರ ಹೇಳಿಕೊಳ್ಳುತ್ತಿದ್ದೆ.

ಅಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ನಿಜವಾದ ಡಾಕ್ಟರು ವಾರಕ್ಕೆ ಎರಡು ದಿನ ಪುತ್ತೂರಿನಿಂದ ಬರುತ್ತಿದ್ದರು. ಉಳಿದ ದಿನ ಊರಿನ ದನಗಳು ಅಪ್ಪನನ್ನೇ ನಂಬಿದ್ದವು. ಹಾಗಾಗಿ ಜನ ಅವರನ್ನೂ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಅಪ್ಪನೂ ಬೇಡವೆನ್ನುತ್ತಿರಲಿಲ್ಲ. ದನಕ್ಕೆ ಹುಷಾರಿಲ್ಲವೆಂದು ಗೊತ್ತಾಗುವುದು ಹೆಚ್ಚಾಗಿ ಸಂಜೆ, ಅದು ಮೇದು ಬಂದು ಹಟ್ಟಿಯಲ್ಲಿ ನಿಂತ ಮೇಲೆ. ಆಗ ಯಾರಾದರೂ ಓಡಿಬರುತ್ತಿದ್ದರು, ಅಪ್ಪ ಚೀಲ ಹೆಗಲಿಗೆ ಹಾಕಿ ಸೈಕಲು ಹತ್ತುತ್ತಿದ್ದರು. ಹಟ್ಟಿಯ ಕತ್ತಲೆ ಅವರಿಗೆ ಒಂದು ಲೆಕ್ಕವೇ ಅಲ್ಲ. ಕರುವಿನ ಕಾಲು ಮಡಚಿದೆಯೋ ತಲೆ ತಿರುಗಿದೆಯೋ ಎಂಬುದನ್ನು ಕೈಯಲ್ಲೇ ತಿಳಿದು ಸರಿಮಾಡುತ್ತಿದ್ದರು. ಕಣ್ಣು ಮುಚ್ಚಿಕೊಂಡು ಕರು ತೆಗೆಯುತ್ತಾರೆ ನಮ್ಮ ಡಾಕ್ಟ್ರು ಎಂದು ಜನ ಹೊಗಳುವಾಗ ಅಪ್ಪ ಸುಮ್ಮನೆ ನಗುತ್ತಿದ್ದರು.

ಊಟದ ಮಾತು ಬಂದರೆ, ನಮ್ಮ ಮನೆಯ ದೊಡ್ಡ ಜಗಳವೆಲ್ಲ ಸೊಪ್ಪಿನದ್ದೇ. ಅಮ್ಮ ನೀರು ಹರಿಯುವ ತೋಡಿನ ಬದಿಯಿಂದ ಹೊನಗೊನ್ನೆ ಸೊಪ್ಪು ಕೊಯ್ದು ತಂದು ಒಂದು ದಿನ ಪಲ್ಯ, ಒಂದು ದಿನ ತಂಬುಳಿ, ಒಂದು ದಿನ ಗಂಜಿಗೆ ಚಟ್ನಿ ಮಾಡುತ್ತಿದ್ದಳು. ಅದಿಲ್ಲದ ದಿನ ನುಗ್ಗೆ ಸೊಪ್ಪು. ಪಕ್ಕದ ಮನೆಯಿಂದ ಒಣಮೀನು ಸುಡುವ ವಾಸನೆ ಬರುವ ಹೊತ್ತಿಗೆ ನನ್ನ ಬಟ್ಟಲಲ್ಲಿ ಹಸಿರು. ಒಂದು ದಿನ ಬಟ್ಟಲನ್ನು ದೂಡಿಬಿಟ್ಟೆ.

"ನಾವೆಂತ ಆಡುಗಳಾ, ದಿನಾ ಸೊಪ್ಪು ತಿನ್ಲಿಕ್ಕೆ?"

"ಬಾಯಿ ಮುಚ್ಚಿ ತಿನ್ನು," ಎಂದಳು ಅಮ್ಮ. ಅಪ್ಪ ತಲೆ ತಗ್ಗಿಸಿಕೊಂಡು ತಮ್ಮ ಪಾಲಿನದನ್ನು ಎರಡನೆಯ ಸಲವೂ ಬಡಿಸಿಕೊಂಡರು.

ಮಳೆಗಾಲ ಕಳೆದು ಹಗಲು ಗಿಡ್ಡವಾಗುತ್ತಿದ್ದಂತೆ ಅಪ್ಪ ಮನೆಗೆ ಬರುವುದು ತಡವಾಗತೊಡಗಿತು. ಹೋಗುವಾಗ ತುಳಿದುಕೊಂಡು ಹೋದವರು ಬರುವಾಗ ಸೈಕಲು ದೂಡಿಕೊಂಡು ನಡೆದು ಬರುತ್ತಿದ್ದರು. ನಮ್ಮ ರಸ್ತೆಯಲ್ಲಿ ಆಗ ಬೀದಿದೀಪ ಇರಲಿಲ್ಲ; ಈಗಲೂ ಬಹಳ ಕಡೆ ಇಲ್ಲ. ಒಂದು ಸಂಜೆ ಮೊಣಕಾಲು ತರಚಿಕೊಂಡು ಬಂದ ಅಪ್ಪನ ಗಾಯಕ್ಕೆ ಎಣ್ಣೆ ಹಚ್ಚುತ್ತಾ ಅಮ್ಮ ಹೇಳಿದಳು:

"ಸೈಕಲಿಗೆ ಒಂದು ಲೈಟು ಹಾಕಿಸಿ. ಹಗಲು ಕಂಡ ಬಾವಿಗೆ ರಾತ್ರಿ ಬೀಳುದು ಎಂತಕ್ಕೆ?"

"ರಸ್ತೆಯೇ ಸರಿ ಇಲ್ಲ."

"ಅದಕ್ಕೇ ಹೇಳುದು."

ಹೀಗೆ ನಮ್ಮ ಮನೆಗೆ ಲೈಟಿನ ಚಿಂತೆ ಹತ್ತಿತು. ಮರುದಿನ ಅಪ್ಪ ನನ್ನನ್ನು ಸೈಕಲಿನ ಮುಂದಿನ ದಂಡಿಯಲ್ಲಿ ಕೂರಿಸಿಕೊಂಡು ಕಡಬ ಪೇಟೆಯ ಹಸನಬ್ಬ ಬ್ಯಾರಿಗಳ ಸೈಕಲ್ ಶಾಪಿಗೆ ಹೋದರು. ಹೊಸದು ನಮ್ಮ ಕೈಗೆಟುಕುವಂತಿರಲಿಲ್ಲ. ಬ್ಯಾರಿಗಳು ಯಾರೋ ಬಿಟ್ಟುಹೋದ ಡೈನಮೋ ಒಂದನ್ನು ಒರೆಸಿ, ಹಿಂದಿನ ಚಕ್ರಕ್ಕೆ ಕೂರಿಸಿ, ಚಕ್ರ ಎತ್ತಿ ತಿರುಗಿಸಿದರು. ಬಲ್ಬು ಹಳದಿಯಾಗಿ ಹತ್ತಿಕೊಂಡಾಗ ನಾನು ಚಪ್ಪಾಳೆ ತಟ್ಟಿದೆ. ಆದರೆ ನಮ್ಮೂರಿನ ರಸ್ತೆಗೆ ಸಪಾಟು ಎಂಬುದು ಗೊತ್ತಿಲ್ಲ. ಒಂದೋ ಏರು, ಇಲ್ಲದಿದ್ದರೆ ಇಳಿಜಾರು. ಇಳಿಯುವಾಗ ಲೈಟು ಜೋರಾಗಿ ಉರಿಯುತ್ತಿತ್ತು. ಏರಿನಲ್ಲಿ ಇಳಿದು ದೂಡತೊಡಗಿದರೆ ಕೆಂಪಗಾಗಿ, ಮಂಕಾಗಿ, ಸತ್ತೇಹೋಗುತ್ತಿತ್ತು. ಹದಿನೈದು ದಿನ ಕಳೆದು ವಾಪಸು ಕೊಂಡುಹೋದಾಗ ಬ್ಯಾರಿಗಳೇ ಒಪ್ಪಿಕೊಂಡರು.

"ಡೈನಮೋ ಎಲ್ಲ ಸಪಾಟು ಊರಿನವರಿಗೆ ಮಾರಾಯ್ರೆ. ನಮ್ಮಲ್ಲಿ ಅರ್ಧ ದಾರಿ ದೂಡುದೇ ಅಲ್ವಾ?"

ಮೊನ್ನೆ ನನ್ನ ಸೈಕಲಿಗೆ ಹೊಸ ಲೈಟು ಕೊಳ್ಳಲು ಪುತ್ತೂರಿಗೆ ಹೋದಾಗ ನನ್ನ ಬಾಯಿಂದ ಮೊದಲು ಬಂದದ್ದೂ ಆ ದೂಡುವ ಪ್ರಶ್ನೆಯೇ. ಕಬಕದಲ್ಲಿ ನನ್ನದೊಂದು ಹೊಲಿಗೆಯ ಅಂಗಡಿ ಇದೆ. ಸಂಜೆ ಬಾಗಿಲು ಹಾಕಿ ಮನೆಗೆ ಹೋಗುವ ಮೂರು ಕಿಲೋಮೀಟರಿನಲ್ಲಿ ಮುಖ್ಯರಸ್ತೆ ಬಿಟ್ಟ ಮೇಲೆ ಒಂದೇ ಒಂದು ದೀಪ ಇಲ್ಲ. ಅರವತ್ತರ ಹತ್ತಿರದ ಹೆಂಗಸು ಸೈಕಲಿನ ಲೈಟು ಕೇಳಿದ್ದಕ್ಕೆ ಅಂಗಡಿಯವರು ಮೊಮ್ಮಗನಿಗಾ ಎಂದರು. ನನಗೇ ಎಂದೆ.

"ದೂಡುವಾಗ ಉರಿತದಾ ಇದು?"

"ಈಗಿನದ್ದೆಲ್ಲ ಚಾರ್ಜಿನದ್ದು ಅಕ್ಕ. ನಿಂತ್ರೂ ಉರಿತದೆ, ಮಲಗಿದ್ರೂ ಉರಿತದೆ."

ಅವರು ಎಲ್ಲಕ್ಕಿಂತ ಪ್ರಕಾಶವಾದದ್ದನ್ನು ಮೊದಲು ತೋರಿಸಿದರು. ಅದು ಎದುರು ಬರುವವರ ಕಣ್ಣು ಕುಕ್ಕುವಂಥದ್ದು, ಬೇಡವೆಂದೆ. ಇನ್ನೊಂದು ಮಿಣಮಿಣ ಮಿನುಗುವುದು. ಅದು ಪೇಟೆಗೆ ಆದೀತು, ಕತ್ತಲೆ ರಸ್ತೆಯಲ್ಲಿ ಹೊಂಡ ಒಮ್ಮೆ ಕಂಡು ಒಮ್ಮೆ ಮಾಯವಾದರೆ ಏನು ಪ್ರಯೋಜನ? ಕೊನೆಗೆ ತೆಗೆದುಕೊಂಡದ್ದು ಕಡಿಮೆ ಕ್ರಯದ ಒಂದು ಸಾದಾ ಲೈಟು. ಮೇಲೆ ಸಣ್ಣ ಮರೆ ಇದೆ, ಬೆಳಕು ಆಕಾಶಕ್ಕೆ ಹೋಗದೆ ರಸ್ತೆಗೆ ಬೀಳುತ್ತದೆ. ಹ್ಯಾಂಡಲಿಗೆ ಕಟ್ಟುವ ರಬ್ಬರು ದಪ್ಪ. ಒದ್ದೆ ಕೈಯಲ್ಲೂ ಒತ್ತಲು ಬರುವ ಗುಂಡಿ. ಮೊಬೈಲಿನ ಚಾರ್ಜರೇ ಸಾಕು. ಇಷ್ಟು ವಿಚಾರಿಸಿ ಸೀರೆ ತೆಗೆಯುವವರನ್ನೂ ನಾನು ನೋಡಿಲ್ಲ ಅಕ್ಕ ಎಂದರು ಅಂಗಡಿಯವರು. ನನಗೆ ನಗು ಬಂತು, ಹಿಂದೆಯೇ ಅಪ್ಪ ಇದ್ದಿದ್ದರೆ ಎಂಬ ಸಂಕಟವೂ ಬಂತು. ಇಂಥದ್ದೊಂದು ಆಗ ಸಿಕ್ಕಿದ್ದರೂ ಅವರಿಗೆ ಪ್ರಯೋಜನವಾಗುತ್ತಿರಲಿಲ್ಲ ಎಂಬುದು ಗೊತ್ತಿದ್ದೂ ಬಂತು.

ಡೈನಮೋದ ಬಳಿಕ ಬಂದದ್ದು ಮೂರು ಸೆಲ್ಲಿನ ಟಾರ್ಚು. ಹಳೆಯ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಅದರಿಂದ ಟಾರ್ಚನ್ನು ಹ್ಯಾಂಡಲಿಗೆ ಬಿಗಿದದ್ದು. ಕಲ್ಲಿನ ರಸ್ತೆಯಲ್ಲಿ ಅದು ಕುಣಿದು ಕುಣಿದು ಮೂಗು ಕೆಳಗೆ ಹಾಕಿ ಮುಂದಿನ ಚಕ್ರವನ್ನೇ ನೋಡುತ್ತಾ ಕೂರುತ್ತಿತ್ತು. ಮುಗಿದ ಸೆಲ್ಲುಗಳನ್ನು ಅಮ್ಮ ಹಪ್ಪಳದ ಜೊತೆ ಬಿಸಿಲಿಗೆ ಇಡುತ್ತಿದ್ದಳು; ಒಂದು ದಿನದ ಮಟ್ಟಿಗೆ ಅವಕ್ಕೆ ಜೀವ ಬರುತ್ತಿತ್ತು. ಅಷ್ಟರಲ್ಲಿ ಸಂಜೆಯ ಹೊತ್ತು ಅಪ್ಪನ ಜೊತೆ ನಾನೂ ಹೋಗಬೇಕೆಂದು ಅಮ್ಮ ಠರಾವು ಮಾಡಿದ್ದಳು. ಒಂದು ದಿನ ದೂರದ ಒಂದು ಮನೆಯಲ್ಲಿ ಕೆಲಸ ಮುಗಿಸಿ ಹೊರಡುವಾಗ ಟಾರ್ಚು ಹತ್ತಲಿಲ್ಲ. ನಮ್ಮ ಕಡೆ ಕತ್ತಲಾದ ಮೇಲೆ ಮನೆಯಿಂದ ಹೊರಟವರನ್ನು ಬೆಳಕು ಕೊಡದೆ ಕಳಿಸುವ ಕ್ರಮ ಇರಲಿಲ್ಲ. ಆ ಮನೆಯವರು ಒಣ ತೆಂಗಿನ ಗರಿಯ ಸೂಟೆ ಕಟ್ಟಿ, ಹೊತ್ತಿಸಿ ಕೊಟ್ಟರು. ಸೂಟೆ ನಡೆಯುವವರಿಗೆ ಮಾಡಿದ್ದು. ಬೀಸುತ್ತಾ ನಡೆದರೆ ಅರ್ಧ ಗಂಟೆ ಬರುತ್ತದೆ. ಅದನ್ನು ದಂಡಿಯಲ್ಲಿ ಕೂತ ನನ್ನ ಕೈಗೆ ಕೊಟ್ಟು ಅಪ್ಪ ಇಳಿಜಾರಿನಲ್ಲಿ ಸೈಕಲು ಬಿಟ್ಟೇಬಿಟ್ಟರು. ಗಾಳಿಗೆ ಸೂಟೆ ಭಗ್ಗೆಂದು ಹತ್ತಿತು, ಕಿಡಿಗಳೆಲ್ಲ ಹಿಂದಕ್ಕೆ ಹಾರಿ ಅಪ್ಪನ ಅಂಗಿಯ ಮೇಲೆ. ಎರಡು ನಿಮಿಷದಲ್ಲಿ ನನ್ನ ಕೈಯಲ್ಲಿ ಬರೀ ಹಿಡಿ ಉಳಿದಿತ್ತು, ಅಪ್ಪನ ಎದೆಯಲ್ಲಿ ಐದು ತೂತು. ಬದುವಿನ ಮೇಲೆ ಕೂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪ ಅಷ್ಟು ನಕ್ಕದ್ದನ್ನು ನಾನು ಆಮೇಲೆ ನೋಡಲಿಲ್ಲ.

ಕೊನೆಗೆ ಹಸನಬ್ಬ ಬ್ಯಾರಿಗಳೇ ಒಂದು ಉಪಾಯ ಮಾಡಿದರು. ಗುಜರಿಗೆ ಬಂದಿದ್ದ ಹಳೆಯ ಸ್ಕೂಟರಿನ ಹೆಡ್‌ಲೈಟನ್ನು ಹ್ಯಾಂಡಲಿಗೆ ಕೂರಿಸಿದರು. ಒಂದು ಸಣ್ಣ ಬ್ಯಾಟರಿಯನ್ನು ಚೀಲದಲ್ಲಿ ಹಾಕಿ ದಂಡಿಗೆ ತೂಗುಬಿಟ್ಟರು. ಹೆಬ್ಬೆರಳಿಗೆ ಸಿಗುವಂತೆ ಸ್ವಿಚ್ಚು. ಅದನ್ನು ಹಾಕಿದರೆ ರಸ್ತೆಯ ಮೇಲೆ ಬಿದ್ದ ಹುಲ್ಲುಕಡ್ಡಿಯೂ ಕಾಣುತ್ತಿತ್ತು. ಊರಿನಲ್ಲಿ ಅಂಥ ಲೈಟು ಯಾರ ಸೈಕಲಿಗೂ ಇರಲಿಲ್ಲ. ನಾನು ದಂಡಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ. ಮೊದಲನೆಯ ಸಂಜೆಯೇ ತೋಡಿಗೆ ಮೋರಿ ಕಟ್ಟಿದ ಜಾಗಕ್ಕೆ ಬಂದೆವು; ಅಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ. ತಿರುವು ನನಗೆ ಹಗಲಿನಂತೆ ಕಾಣುತ್ತಿತ್ತು. ಸೈಕಲು ಮಾತ್ರ ನೇರ ಹೋಗುತ್ತಿತ್ತು.

"ಅಪ್ಪಾ, ತಿರುವು."

"ಎಲ್ಲಿ?"

ಅಷ್ಟರಲ್ಲಿ ಇಬ್ಬರೂ ತೋಡಿನ ಕೆಸರಿನಲ್ಲಿದ್ದೆವು. ಪೆಟ್ಟೇನೂ ಆಗಲಿಲ್ಲ. ಲೈಟು ಉರಿಯುತ್ತಲೇ ಇತ್ತು. ಅದರ ಬೆಳಕಿನಲ್ಲಿ ಅಪ್ಪನ ಒಂದು ಚಪ್ಪಲಿ ಹುಲ್ಲಿನ ಮೇಲೆ ಸ್ಪಷ್ಟವಾಗಿ ಬಿದ್ದಿತ್ತು. ಅಪ್ಪ ಅದಕ್ಕಿಂತ ಒಂದು ಮೊಳ ಈಚೆ ನೆಲವನ್ನು ತಟ್ಟಿ ತಟ್ಟಿ ಹುಡುಕುತ್ತಿದ್ದರು. ನಾನು ಚಪ್ಪಲಿಯನ್ನು ಎತ್ತಿ ಅವರ ಕೈಗೆ ಕೊಟ್ಟೆ.

"ನಿಮಗೆ ಕಾಣುದಿಲ್ವಾ?"

"ಹಗಲು ಎಲ್ಲ ಕಾಣ್ತದೆ ಮಗಾ. ಕತ್ತಲಾದ್ರೆ ನಡುವಿನಲ್ಲಿ ಒಂದು ತಟ್ಟೆಯಷ್ಟು, ಅದೂ ಮಸುಕು." ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದರು, "ಯಾರ ಹತ್ರವೂ ಹೇಳ್ಬೇಡ. ಕಣ್ಣು ಕಾಣದವನ ಕೈಗೆ ಯಾರು ದನ ಕೊಡ್ತಾರೆ?"

"ಅಮ್ಮನ ಹತ್ರ?"

"ಅಮ್ಮನ ಹತ್ರವೂ ಬೇಡ."

ಅಂದಿನಿಂದ ನಾನು ಹೇಳುತ್ತಾ ಹೋದೆ, ಅಪ್ಪ ತುಳಿಯುತ್ತಾ ಹೋದರು. ಎಡಕ್ಕೆ ಹೊಂಡ. ಬಲಕ್ಕೆ ಕಲ್ಲು. ನಡುವೆ ನಾಯಿ ಮಲಗಿದೆ. ಯಾರಾದರೂ ಎದುರು ಬಂದರೆ ಶೀನಪ್ಪಣ್ಣ ಎಂದು ಪಿಸುಗುಟ್ಟುತ್ತಿದ್ದೆ; ಅಪ್ಪ ತಾನೇ ಗುರುತು ಹಿಡಿದವರಂತೆ ಮುಂದಾಗಿ, ಎಂತ ಶೀನಪ್ಪ, ಪೇಟೆಗಾ ಎಂದು ದೊಡ್ಡದಾಗಿ ಕೇಳುತ್ತಿದ್ದರು. ನನ್ನ ತಲೆಯ ಮೇಲೆ ಅವರ ಗಲ್ಲ, ಎರಡು ಬದಿಗೆ ಅವರ ತೋಳು, ಅಂಗಿಯಿಂದ ಡೆಟ್ಟಾಲು, ಸೆಗಣಿ ಮತ್ತು ನಮ್ಮ ಮನೆಯ ಹೊಗೆಯ ವಾಸನೆ. ಅಪ್ಪನಿಗೆ ಅವು ಭಯದ ದಿನಗಳು. ನನಗೆ ಮಾತ್ರ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ. ಒಬ್ಬರಿಗೆ ನಾನು ಅಷ್ಟು ಬೇಕಾದದ್ದು ಆ ಎರಡು ವರ್ಷ ಮಾತ್ರ.

ಎರಡು ವರ್ಷದಲ್ಲಿ ನಾನು ಉದ್ದವಾದೆ. ಮೊಣಕಾಲು ಹ್ಯಾಂಡಲಿಗೆ ತಾಗುತ್ತಿತ್ತು, ಎದುರು ಬರುವವರು ನಗುತ್ತಿದ್ದರು. ಪರೀಕ್ಷೆ ಹತ್ತಿರ ಬಂದ ಒಂದು ಸಂಜೆ ಹೋಗಲಾರೆನೆಂದು ಹಟ ಹಿಡಿದೆ. ಅಮ್ಮ ಹಿತ್ತಿಲ ಮೆಟ್ಟಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಅಷ್ಟು ದೊಡ್ಡ ಲೈಟು ಉಂಟಲ್ಲ, ಅಪ್ಪ ಒಬ್ಬರೇ ಹೋಗ್ಲಿ," ಎಂದೆ.

"ಲೈಟು ನಿನ್ನ ಅಪ್ಪನಿಗಲ್ಲ ಮಾರಾಯ್ತಿ, ಎದುರು ಬರುವವರಿಗೆ," ಎಂದಳು ಅಮ್ಮ, ತಲೆ ಎತ್ತದೆ. "ಅವರಾದ್ರೂ ಇವರನ್ನು ಕಂಡು ಬದಿಗೆ ಹೋಗ್ಬೇಕಲ್ಲ."

ಕಣ್ಣಿಗೆ ಒಳ್ಳೆಯದೆನ್ನುವ ಆ ಸೊಪ್ಪು ದಿನಾ ಯಾಕೆಂದು, ಸ್ಟೂಲು ಇದ್ದಲ್ಲೇ ಯಾಕೆಂದು ನನಗೆ ಒಮ್ಮೆಗೇ ತಿಳಿಯಿತು.

"ನಿನಗೆ ಯಾವಾಗ ಗೊತ್ತಾದದ್ದು?"

"ಮದುವೆಯಾದ ಮೂರನೇ ದಿನ. ಹೇಳ್ಲಿಕ್ಕೆ ಅವರಿಗೆ ನಾಚಿಕೆ. ಗೊತ್ತುಂಟು ಅಂತ ಹೇಳ್ಲಿಕ್ಕೆ ನನಗೆ ನಾಚಿಕೆ. ಹಾಗೇ ಆಯ್ತು."

ಒಂದೇ ಕೋಣೆಯಲ್ಲಿ ಮಲಗುವ ಮೂವರು ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಬದುಕಿದ್ದೆವು. ಆಮೇಲೆ ಅಮ್ಮನೇ ಬಾಯಿಬಿಟ್ಟು, ಪುತ್ತೂರಿನ ಕಣ್ಣಿನ ಡಾಕ್ಟರೊಬ್ಬರಿಗೆ ತೋರಿಸಿದಾಗ ಅವರು ಇದಕ್ಕೆ ಮದ್ದಿಲ್ಲ ಎಂದದ್ದೂ ಆಯಿತು. ದಂಡಿಯಲ್ಲಿ ನಾನು ಹಿಡಿಸದಂತಾದ ಮೇಲೆ ಅಪ್ಪ ಸಂಜೆಯ ಕರೆಗೆ ಹೋಗುವುದನ್ನೇ ಬಿಟ್ಟರು. ಒಬ್ಬರಿಗೆ ತಲೆನೋವೆಂದರು, ಇನ್ನೊಬ್ಬರಿಗೆ ಸೊಂಟ ಹಿಡಿದಿದೆ ಎಂದರು. ಜನ ಬರುವುದು ಕಡಿಮೆಯಾಯಿತು. ಮುಸ್ಸಂಜೆಯಾದರೆ ಅಪ್ಪ ಹೊಸ್ತಿಲಲ್ಲಿ ಕೂತು ರಸ್ತೆಯಲ್ಲಿ ಹೋಗುವವರ ಹೆಜ್ಜೆಯ ಸದ್ದು ಕೇಳುತ್ತಿದ್ದರು. ಅಷ್ಟರಲ್ಲಿ ನಾನು ಆ ಎತ್ತರದ ಸೈಕಲನ್ನು ಮೊದಲು ದಂಡಿಯ ಕೆಳಗಿನಿಂದ ಕಾಲು ಹಾಕಿ, ಬಳಿಕ ಸೀಟಿನಲ್ಲೇ ಕೂತು ಬಿಡಲು ಕಲಿತಿದ್ದೆ.

ಒಂದು ಸಂಜೆ ಲಿಂಗಪ್ಪ ಗೌಡರು ಏದುಸಿರು ಬಿಡುತ್ತಾ ಬಂದರು. ಅವರಿಗೆ ಇದ್ದದ್ದು ಒಂದೇ ದನ.

"ಡಾಕ್ಟ್ರೆ, ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದದ್ದು. ಮಧ್ಯಾಹ್ನದಿಂದ ತಿಣುಕ್ತಾ ಉಂಟು."

"ನನಗೆ ಜ್ವರ ಗೌಡ್ರೆ."

ಗೌಡರು ಹಾಗಾದ್ರೆ ನಾನೆಂತ ಮಾಡುದು ಎಂದು ಯಾರನ್ನೂ ಕೇಳದಂತೆ ಕೇಳಿ, ಬಂದ ಕಾಲುದಾರಿಯಲ್ಲೇ ತಿರುಗಿ ಓಡಿದರು. ಅಪ್ಪನ ಬೆರಳುಗಳು ಮೊಣಕಾಲಿನ ಮೇಲೆ ಮುಚ್ಚುತ್ತಾ ತೆರೆಯುತ್ತಾ ಇದ್ದವು. ನಾನು ಒಳಗೆ ಹೋಗಿ ಸೈಕಲನ್ನು ಹೊರಗೆ ತಂದೆ. ಅಮ್ಮ ಅಪ್ಪನ ಚೀಲ ತಂದು ಅವರ ಹೆಗಲಿಗೆ ಹಾಕಿದಳು.

"ಕ್ಯಾರಿಯರಿನಲ್ಲಿ ಕೂತ್ಕೊಳ್ಳಿ," ಎಂದೆ.

"ಜನ ನೋಡಿದ್ರೆ ಮರ್ಯಾದೆ ಉಂಟಾ?"

"ಅಲ್ಲಿ ಕರು ಸಾಯ್ತಾ ಉಂಟು," ಎಂದಳು ಅಮ್ಮ. "ನಿಮ್ಮ ಮರ್ಯಾದೆಯನ್ನು ನಾಳೆ ನೋಡುವ."

ಅಪ್ಪ ಸಪೂರ ಜನ, ಆದರೂ ಹ್ಯಾಂಡಲು ಅತ್ತಿತ್ತ ವಾಲುತ್ತಿತ್ತು. ಲೈಟು ಹಾಕಿ ಒಂದು ಮೈಲಿಯಷ್ಟು ಹೋಗಿರಬೇಕು. ಮುಂದೆ ಮಾತಿನ ಸದ್ದು ಕೇಳಿತು. ಬಸ್ಸಿಳಿದ ನಾಲ್ಕೈದು ಜನ ನಡೆದು ಬರುತ್ತಿದ್ದರು. ಅಪ್ಪ ಹಿಂದಿನಿಂದ ಮೆಲ್ಲಗೆ ಹೇಳಿದರು:

"ಲೈಟು ಆಫ್ ಮಾಡು."

ನಾನು ಸ್ವಿಚ್ಚು ಒತ್ತಿದೆ. ಮರಗಳ ಅಡಿಯಲ್ಲಿ ರಸ್ತೆ ಎಲ್ಲಿ ಮುಗಿಯುತ್ತದೆ, ತೋಡು ಎಲ್ಲಿ ಶುರುವಾಗುತ್ತದೆ, ಒಂದೂ ಗೊತ್ತಾಗಲಿಲ್ಲ. ಅದುವರೆಗೆ ನಾನು ಅಪ್ಪನಿಗೆ ದಾರಿ ಹೇಳಿದ್ದೆನೇ ಹೊರತು ಅವರ ಕತ್ತಲೆಯಲ್ಲಿ ಸೈಕಲು ತುಳಿದಿರಲಿಲ್ಲ. ಚಕ್ರ ಕಲ್ಲಿಗೆ ಹತ್ತಿ ಇಳಿಯಿತು. ಅಪ್ಪ ನನ್ನ ಹೆಗಲು ಹಿಡಿದುಕೊಂಡರು.

"ಕಾಣ್ತದಾ ಮಗಾ?"

"ಇಲ್ಲ ಅಪ್ಪ. ಎಂತದೂ ಕಾಣುದಿಲ್ಲ."

ಅವರ ಉಸಿರು ನನ್ನ ಬೆನ್ನಿಗೆ ತಾಗುತ್ತಿತ್ತು.

"ಲೈಟು ಹಾಕು. ನೀನು ಬೀಳುದು ಬೇಡ."

ಹಾಕಿದಾಗ ಆ ಜನ ನಮ್ಮೆದುರೇ ಇದ್ದರು. ಒಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು ಯಾರದು ಎಂದರು. ನಾನು ಬ್ರೇಕು ಹಿಡಿದು ಕಾಲು ಊರಿದೆ.

"ನಾನು, ದನದ ಆಸ್ಪತ್ರೆಯವ," ಎಂದರು ಅಪ್ಪ.

"ಡಾಕ್ಟ್ರಾ? ಇದೆಂತ, ಹಿಂದೆ ಕೂತದ್ದು?"

"ಕತ್ತಲಾದ್ರೆ ನನಗೆ ಕಣ್ಣು ಕಾಣುದಿಲ್ಲ ಮಾರಾಯ್ರೆ. ಲಿಂಗಪ್ಪ ಗೌಡ್ರ ಮನೆಗೆ ಮಗಳು ಕರ್ಕೊಂಡು ಹೋಗುದು."

ಅವರು ಬದಿಗೆ ಸರಿದು ದಾರಿ ಬಿಟ್ಟರು. ಕರು ಬದುಕಿದ್ದು, ಆ ಮೇಲೆ ಕೆಲವರು ನಮ್ಮ ಕಡೆ ಬರುವುದನ್ನೇ ನಿಲ್ಲಿಸಿದ್ದು, ಇನ್ನು ಕೆಲವರು ಸಂಜೆಗೆ ಕಾಯದೆ ಮಧ್ಯಾಹ್ನವೇ ಬರತೊಡಗಿದ್ದು, ಅವೆಲ್ಲ ಬಳಿಕದ ಮಾತು. ಅಂದು ಅವರನ್ನು ದಾಟಿ ಸ್ವಲ್ಪ ಮುಂದೆ ಹೋದಾಗ ಗೌಡರ ಮನೆಯ ಏರು ಬಂತು. ನಾನು ಇಳಿಯಬೇಕೆನ್ನುವಷ್ಟರಲ್ಲಿ ಅಪ್ಪನೇ ಇಳಿದು, ಕ್ಯಾರಿಯರಿಗೆ ಎರಡೂ ಕೈ ಕೊಟ್ಟು ಹಿಂದಿನಿಂದ ದೂಡತೊಡಗಿದರು.

"ನಾನೂ ಇಳೀತೇನೆ ಅಪ್ಪ."

"ಬೇಡ. ನೀನು ಕೂತ್ಕೊಂಡು ದಾರಿ ಹೇಳು, ಸಾಕು."

ನಾನು ಕೂತೇ ಇದ್ದೆ. ಎಡಕ್ಕೆ ಕಲ್ಲು ಎಂದೆ, ನೇರ ಎಂದೆ, ಇನ್ನು ಸ್ವಲ್ಪವೇ ಎಂದೆ. ಆ ಏರು ಮುಗಿಯದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.